ಮಗ ಬರದಿದ್ದರೂ ನಾವು ಹೋದೆವು

ಮಗ ಕೈ ಎತ್ತುತ್ತಾನೆ ಅಂತ ಯಾವ ತಾಯಿ ಬಾಯಿಬಿಟ್ಟು ಹೇಳುತ್ತಾಳೆ? ನನ್ನ ತಂಗಿಯೂ ಹೇಳಿರಲಿಲ್ಲ. ತೋಳಿನ ಮೇಲೆ ಕಂದಿದ ಗುರುತು ಕಂಡಾಗಲೆಲ್ಲ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಿದ್ದಳು. ಮಗ ಹತ್ತನೇ ಕ್ಲಾಸು, ಅವಳಿಗಿಂತ ಎತ್ತರ. ಮೊಬೈಲ್ ಇಸಿದುಕೊಂಡರೆ, ದುಡ್ಡಿಲ್ಲ ಅಂದರೆ ಮೊದಮೊದಲು ಬಾಗಿಲು ಒದೆಯುತ್ತಿದ್ದವನು ಆಮೇಲೆ ಅವಳನ್ನೇ ತಳ್ಳತೊಡಗಿದ್ದ. ಒಂದು ಬೆಳಗ್ಗೆ ಅವಳ ಚಿಕ್ಕ ಮಗಳು ಫೋನ್ ಮಾಡಿ "ದೊಡ್ಡಮ್ಮ, ಅಣ್ಣ ಅಮ್ಮಂಗೆ ಹೊಡೀತಿದಾನೆ, ಬೇಗ ಬಾ" ಅಂದಾಗಲೇ ನಮಗೆಲ್ಲ ಗೊತ್ತಾಗಿದ್ದು.

ನಾನು ಹೋಗುವಷ್ಟರಲ್ಲಿ ಅವನು ರೂಮಿನ ಚಿಲಕ ಹಾಕಿಕೊಂಡಿದ್ದ. ತಂಗಿ ಒಡೆದ ಚೂರುಗಳನ್ನು ಗುಡಿಸುತ್ತಿದ್ದಳು. "ಯಾರಿಗೂ ಹೇಳಬೇಡ ಅಕ್ಕ, ಅವನಿಗೆ ಕೆಟ್ಟ ಹೆಸರು ಬರುತ್ತೆ" ಅಂದಳು. ಏಟು ತಿಂದವಳ ಚಿಂತೆ ಹೊಡೆದವನ ಹೆಸರಿನದು! ನನಗೆ ಹೊಟ್ಟೆ ಉರಿಯಿತು.

ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಹಚ್ಚಿದೆ. 14416, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗ ಆಸ್ಪತ್ರೆಗೆ ಬರಲ್ಲ ಅಂತಾನೆ ಅಂದೆ. ಅವನು ಬರದಿದ್ದರೆ ತಂದೆತಾಯಿ ಬರಲಿ, ಅವರಿಂದಲೇ ಶುರು ಮಾಡಬಹುದು ಅಂದರು. ಮಧ್ಯಾಹ್ನವೇ ತಂಗಿ, ಅವಳ ಗಂಡ, ನಾನು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದ ಬೆಂಚಿನ ಮೇಲೆ ಕೂತಿದ್ದೆವು.

ಕೌನ್ಸೆಲರ್ ಮೇಡಂ ಹುಡುಗನನ್ನೂ ಬೈಯಲಿಲ್ಲ, ಅಮ್ಮ ಮುದ್ದು ಮಾಡಿ ಹಾಳು ಮಾಡಿದಳು ಅಂತಲೂ ಅನ್ನಲಿಲ್ಲ. ಯಾವಾಗ ಶುರುವಾಯಿತು, ರಾತ್ರಿ ನಿದ್ದೆ ಮಾಡುತ್ತಾನಾ, ಓದು ಹೇಗಿದೆ, ಸಹವಾಸ ಯಾರದು, ಗಾಂಜಾ ಗೀಂಜಾ ಇದೆಯಾ, ಎಲ್ಲ ಕೇಳಿದರು. ಖಿನ್ನತೆ ಇರಬಹುದು, ಚಟ ಇರಬಹುದು, ಬೇರೇನೋ ಇರಬಹುದು, ಅದನ್ನು ನೋಡದೆ ಕೆಟ್ಟ ಹುಡುಗ ಅಂದುಬಿಟ್ಟರೆ ಏನೂ ತಿಳಿಯುವುದಿಲ್ಲ ಅಂದರು. ಕೊನೆಗೆ, ಮನೆಯಲ್ಲಿ ಇನ್ಯಾರಾದರೂ ಹೊಡೀತಾರಾ ಅಂದಾಗ ತಂಗಿ ಗಂಡ ತಲೆ ತಗ್ಗಿಸಿದರು. ಎರಡು ಬಾರಿಸಿದರೆ ಸರಿಹೋಗ್ತಾನೆ ಅಂತ ನೆಂಟರು ಹೇಳಿಕೊಟ್ಟಿದ್ದರು, ಅವರು ಬೆಲ್ಟ್ ತೆಗೆದಿದ್ದರು. ಅಪ್ಪನ ಏಟಿನ ಸಿಟ್ಟೆಲ್ಲ ಅಪ್ಪ ಡ್ಯೂಟಿಗೆ ಹೋದ ಮೇಲೆ ಅಮ್ಮನ ಮೇಲೆ ತೀರುತ್ತಿತ್ತು. ಈ ಸಲಹೆ ಕೊಡುವವರು ದಯವಿಟ್ಟು ಸುಮ್ಮನಿರಬೇಕು.

ಮೇಡಂ ಹೇಳಿದ್ದು ಇಷ್ಟು. ಅವನು ಕುದಿಯುತ್ತಿರುವಾಗ ವಾದ ಬೇಡ, ಬುದ್ಧಿಮಾತೂ ಬೇಡ. ಚಾಕು, ಕತ್ತರಿ ಕೈಗೆ ಸಿಗದ ಹಾಗೆ ಇಡಿ. ಚಿಕ್ಕವಳು ಓಡಿ ಹೋಗಿ ಕೂರಲು ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಕೈ ಮೀರಿದರೆ 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಿರಿ. ಜೈಲಿಗೆ ಹಾಕ್ತಾರೆ ಅಂತ ತಂಗಿ ಅತ್ತಳು. ಹದಿನೆಂಟು ತುಂಬದವರ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ ಅಂತ ಸಮಾಧಾನ ಮಾಡಿದರು. ಎಲ್ಲಕ್ಕಿಂತ ಮುಖ್ಯ, ಮುಚ್ಚಿಡಬೇಡಿ ಅಂದರು. ಇಸ್ರೇಲಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್ ಇಂಥ ತಂದೆತಾಯಂದಿರಿಗಾಗಿಯೇ ಒಂದು ದಾರಿ ಕಟ್ಟಿದ್ದಾರಂತೆ. ಹೊಡೆಯುವುದಿಲ್ಲ, ಬಗ್ಗುವುದೂ ಇಲ್ಲ, ಬೇಕಾದವರನ್ನು ಜೊತೆಗೆ ಕರೆದುಕೊಳ್ಳುವುದು. ಗಾಂಧೀಜಿಯ ಸತ್ಯಾಗ್ರಹವೇ ಅದಕ್ಕೆ ಪ್ರೇರಣೆ.

ನಮ್ಮಲ್ಲಿ ಹಾಗೆ ಜೊತೆಗೆ ನಿಲ್ಲುವವರು ಯಾರು? ಸೋದರಮಾವ ಇದ್ದಾನಲ್ಲ. ನನ್ನ ತಮ್ಮ ಸಂಜೆ ಬಂದ. ಬಾಗಿಲ ಹೊರಗೆ ನಿಂತು, "ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಆದ್ರೆ ಅಮ್ಮನ ಮೇಲೆ ಕೈ ಮಾಡಿದ್ದು ನಮಗೆಲ್ಲ ಗೊತ್ತು, ಇನ್ನು ಅದು ನಡೆಯಲ್ಲ. ದಿನಾ ಬರ್ತೀನಿ" ಅಂದ. ಒಳಗಿಂದ ಒಂದು ಬೈಗುಳ ಬಂತು. ತಮ್ಮ ಎದುರು ಮಾತಾಡದೆ ಹಜಾರದಲ್ಲಿ ಕೂತ, ರಾತ್ರಿ ಊಟಕ್ಕೂ ಇದ್ದ. ಹುಡುಗ ಎಲ್ಲರೂ ಎದ್ದ ಮೇಲೆ ಬಂದು ಉಂಡ.

ಅವನು ಈಗಲೂ ಕೂಗಾಡುತ್ತಾನೆ. ಮೊನ್ನೆ ಒಂದು ಪ್ಲೇಟು ಹೋಯಿತು. ಆದರೆ ಅಮ್ಮನ ಮೈ ಮುಟ್ಟಿಲ್ಲ, ಅವರಪ್ಪನೂ ಬೆಲ್ಟ್ ಮುಟ್ಟಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಮಾವನ ಬೈಕಲ್ಲಾದರೆ ಬರ್ತೀನಿ ಅಂದಿದ್ದಾನೆ.