ಹಳೇ ಫೋನೇ ಹಾಡಿನ ಪೆಟ್ಟಿಗಿ

ಮನ್ಯಾಗ ಹಳೇ ಫೋನ್ ಸುಮ್ನೆ ಬಿದ್ದಿದ್ರ ಹಾಡಿಗಂತ ಬ್ಯಾರೆ ಪ್ಲೇಯರ್ ತಗೋಬ್ಯಾಡ್ರಿ. ಸಿಮ್ ತೆಗೆದು ಏರೋಪ್ಲೇನ್ ಮೋಡ್ ಹಾಕ್ರಿ. ನಡಕ ಕಾಲ್ ಬರಂಗಿಲ್ಲ, ಚಾರ್ಜೂ ಭಾಳ ಹೊತ್ತು ತಡೀತದ.

128 ಕೆಬಿಪಿಎಸ್ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನೋ ಅಳತಿ) ಎಂಪಿ3 ನಿಮಿಷಕ್ಕ ಸುಮಾರು 1 ಎಂಬಿ, 320ರದು 2.4 ಎಂಬಿ. ಅಂದ್ರ 32 ಜಿಬಿ ಕಾರ್ಡಿನಾಗ ಐದೈದು ನಿಮಿಷದ ದಾಸರ ಪದ 320ರಾಗೇ ಎರಡೂವರೆ ಸಾವಿರ ಹಿಡೀತಾವ. ಹಳೇ ಕ್ಯಾಸೆಟ್ಟಿನಿಂದ ಇಳಿಸಿದ ತತ್ವಪದಕ್ಕ 128 ಸಾಕು. ಟೇಪಿನಾಗ ಇಲ್ಲದ ಸ್ಪಷ್ಟತೆ ಫೈಲ್ ದೊಡ್ಡದಾದ್ರ ಬರಂಗಿಲ್ಲ. ನಮ್ಮ ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಒಳ್ಳೆ ರೆಕಾರ್ಡಿಂಗ್ ಸಿಕ್ರ ಮಾತ್ರ 320ಕ್ಕಿಂತ ಕಮ್ಮಿ ಮಾಡಬ್ಯಾಡ್ರಿ, ಹಿಂದಿನ ತಂಬೂರಿ ನಾದ ಉಳೀಬೇಕು.

ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಲ್ತದಂದ್ರ ಬ್ಯಾಟರಿ ಉಳಿಸೋ ವ್ಯವಸ್ಥೆ ಆಪ್ ಮುಚ್ಚಿರ್ತದ. ಸೆಟ್ಟಿಂಗ್ಸ್, ಆಪ್ಸ್, ಪ್ಲೇಯರ್ ಆಪ್, ಬ್ಯಾಟರಿ ಹಿಂಗ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಮಾಡ್ರಿ. ಒಂದೇ ಕಿವ್ಯಾಗ ಕೇಳಿಸ್ತಿದ್ರ ಮೊದಲು ಜ್ಯಾಕಿನ ತೂತು ನೋಡ್ರಿ, ಕಿಸೆದ ನೂಲು-ಧೂಳು ತಳಕ್ಕ ಗಟ್ಟಿಯಾಗಿ ಕುಂತಿರ್ತದ. ಫೋನ್ ಆಫ್ ಮಾಡಿ ಸಣ್ಣ ಕಟ್ಟಿಗಿ ಕಡ್ಡೀಲೆ ಹಗುರಕ ತೆಗೀರಿ. ಸೂಜಿ ಬ್ಯಾಡ.

ಐಪಾಡ್ 2001ರಾಗ ಬಂತು, 2022ರಾಗ ನಿಂತೇ ಹೋತು. ಅಂಥಾ ಪ್ಲೇಯರಿನ ಒಂದು ಸುಖ ಮಾತ್ರ ಫೋನಿನಾಗಿಲ್ಲ: ಕಿಸ್ಯಾಗ ಕೈ ಹಾಕಿ, ನೋಡದನೇ ಹಾಡು ಬದಲಿಸೋದು. ಕಣ್ಣು ಪರದೆಗೆ ಹೋದ್ರ ಕೇಳೋದು ಅರ್ಧ ಆಗ್ತದ. ಅದಕ್ಕ ಬಟನ್ ಇರೋ ವೈರಿನ ಇಯರ್‌ಫೋನ್ ತಗೋರಿ. ಒಂದು ಸಲ ಒತ್ತಿದ್ರ ನಿಲ್ತದ, ಎರಡು ಸಲ ಒತ್ತಿದ್ರ ಮುಂದಿನ ಹಾಡು.

ರಾಯಚೂರು ಬಿಸಿಲಿಗೆ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಇಡಲೇಬ್ಯಾಡ್ರಿ. ಹಿಂದಿನ ಮುಚ್ಚಳ ಉಬ್ಬಿ ಎದ್ದಿದ್ರ ಬ್ಯಾಟರಿ ಕೆಟ್ಟದಂತ ತಿಳ್ಕೊಂಡು ಚಾರ್ಜಿಗೆ ಹಾಕೋದು ಅವತ್ತೇ ನಿಲ್ಲಸ್ರಿ.