ಒಂದೂ ರೇಸ್ ಗೆಲ್ಲದ ಸೈಕ್ಲಿಸ್ಟ್‌ಗೆ ತಂಡ ಸಂಬಳ ಕೊಡುವುದು ಯಾಕೆ?

ಜುಲೈನಲ್ಲಿ ಟೂರ್ ದ ಫ್ರಾನ್ಸ್ ಅನ್ನುವ ಮೂರು ವಾರಗಳ ಸೈಕಲ್ ರೇಸ್ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ನೂರೆಪ್ಪತ್ತಕ್ಕೂ ಹೆಚ್ಚು ಸವಾರರಲ್ಲಿ ಗೆಲ್ಲುವವನು ಒಬ್ಬನೇ. ಎಷ್ಟೋ ಮಂದಿ ಹತ್ತು ವರ್ಷ ಪೆಡಲ್ ತುಳಿದರೂ ಒಂದು ರೇಸನ್ನೂ ಗೆದ್ದಿರುವುದಿಲ್ಲ. ಅವರಿಗೆ ಯಾರು ದುಡ್ಡು ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ?"

ಗಾಳಿಗೆ ಎದೆಯೊಡ್ಡಲಿಕ್ಕೆ ಕೊಡುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗವನ್ನು ಶೇ 10ರಷ್ಟು ಏರಿಸಬೇಕೆಂದರೆ ಗಾಳಿಯ ವಿರುದ್ಧ ಸುಮಾರು ಶೇ 33ರಷ್ಟು ಹೆಚ್ಚು ಶಕ್ತಿ ಬೇಕು. ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಹೋದರೆ ಈ ಖರ್ಚು ತಟ್ಟನೆ ಇಳಿಯುತ್ತದೆ. ಬರ್ಟ್ ಬ್ಲಾಕನ್ ಅವರ ಸಂಶೋಧನಾ ತಂಡ 2018ರಲ್ಲಿ 121 ಸವಾರರ ಗುಂಪನ್ನು ಅಳೆದು ನೋಡಿತು. ದಟ್ಟ ಗುಂಪಿನ ನಡುವಿನಿಂದ ಹಿಂದೆ ಕೂತವನಿಗೆ ತಾಗುವ ಗಾಳಿಯ ತಡೆ, ಒಂಟಿ ಸವಾರನಿಗೆ ತಾಗುವುದರ ಶೇ 5ರಿಂದ 10 ಮಾತ್ರ. ತಂಡ ಗೆಲ್ಲಿಸಲು ಹೊರಟ ನಾಯಕನೊಬ್ಬ ಐದು ಗಂಟೆ ಈ ನೆರಳಲ್ಲಿ ಕೂತು ಕೊನೆಯ ಅರ್ಧ ಗಂಟೆಗೆ ಕಾಲು ಉಳಿಸಿಕೊಳ್ಳಬೇಕಾದರೆ, ಯಾರೋ ಒಬ್ಬ ಮುಂದೆ ನಿಂತು ಸವೆಯಲೇಬೇಕು. ಆ ಸವೆಯುವವನನ್ನು ದೊಮೆಸ್ತಿಕ್ ಅನ್ನುತ್ತಾರೆ. ಅವನ ಸಂಬಳ ಈ ಸವೆತಕ್ಕೆ.

2018ರಿಂದ ಮೂರು ವಾರಗಳ ದೊಡ್ಡ ರೇಸ್‌ಗಳಿಗೆ ಒಂದು ತಂಡದಿಂದ ಎಂಟೇ ಜನ. ಅದರಲ್ಲಿ ಒಬ್ಬ ನಾಯಕ, ಕೆಲವು ತಂಡಗಳಲ್ಲಿ ಜೊತೆಗೊಬ್ಬ ಸ್ಪ್ರಿಂಟರ್, ಅಂದರೆ ಗುರಿಯ ಹತ್ತಿರ ಮಿಂಚಿನಂತೆ ನುಗ್ಗುವವನು. ಉಳಿದವರೆಲ್ಲ ಕೆಲಸಗಾರರು, ಆದರೆ ಎಲ್ಲರ ಕೆಲಸವೂ ಒಂದೇ ಅಲ್ಲ.

ಸಪಾಟು ರಸ್ತೆಯ ಕೆಲಸಗಾರನನ್ನು ಮೊದಲು ನೋಡಿ. ರೇಸ್ ಶುರುವಾದ ಸ್ವಲ್ಪ ಹೊತ್ತಿಗೆ ನಾಲ್ಕೈದು ಜನ ಗುಂಪು ಬಿಟ್ಟು ಓಡುತ್ತಾರೆ. ಅವರಿಗೆ ಮೂರು ನಿಮಿಷದ ಅಂತರ ಬಿಟ್ಟುಕೊಟ್ಟು, ಅದು ಬೆಳೆಯದಂತೆ ಕಾಯುವುದು ಇವನ ಪಾಳಿ. ಗಂಟೆಗಟ್ಟಲೆ 300 ವ್ಯಾಟ್ ಆಸುಪಾಸಿನಲ್ಲಿ ಗುಂಪಿನ ಮೂತಿಯಲ್ಲಿ ಎಳೆಯುತ್ತಿರುತ್ತಾನೆ. ಲೆಕ್ಕ ಹಳೆಯದು: ಕೊನೆಯಲ್ಲಿ 10 ಕಿ.ಮೀ.ಗೆ ಒಂದು ನಿಮಿಷ ವಾಪಸ್ ಪಡೆಯಬಹುದು. ಫ್ರಾನ್ಸಿನ ವೀಕ್ಷಕ ವಿವರಣೆಗಾರ ರೊಬೆರ್ ಶಪಾತ್ ಹೆಸರಲ್ಲಿ ಇದು ನಿಯಮವೇ ಆಗಿಬಿಟ್ಟಿದೆ. ತಡವಾಗಿ ಬೆನ್ನಟ್ಟಿದರೆ ಓಡಿಹೋದವರೇ ಗೆಲ್ಲುತ್ತಾರೆ, ಅದು ಎಲ್ಲರಿಗೂ ಗೊತ್ತು. ಬೇಗ ಹಿಡಿದರೂ ಕೆಟ್ಟಿತು ಅನ್ನುವುದು ಹೊಸಬರಿಗೆ ಹೊಳೆಯುವುದಿಲ್ಲ. 40 ಕಿ.ಮೀ. ಬಾಕಿ ಇರುವಾಗಲೇ ಹಿಡಿದುಬಿಟ್ಟರೆ ತಾಜಾ ಕಾಲಿನವರು ಮತ್ತೆ ಓಡುತ್ತಾರೆ, ಸುಸ್ತಾದ ನೀವು ಮತ್ತೆ ಅಟ್ಟಿಸಿಕೊಂಡು ಹೋಗಬೇಕು. ಹೀಗೆ ನಿಮಿಷ ಎಣಿಸುತ್ತಾ ದಿನವಿಡೀ ಎಳೆದವನು ಕೊನೆಯ 30 ಕಿ.ಮೀ. ಹೊತ್ತಿಗೆ ಹಿಂದೆ ಸರಿಯುತ್ತಾನೆ. ಫಲಿತಾಂಶದಲ್ಲಿ 150ನೇ ಸ್ಥಾನ. ಕಾಗದ ನೋಡಿದವರಿಗೆ ಅವನು ಸೋತವನು.

ಬಾಟಲಿ ತರುವುದು ಕೂಡ ಎಡವಟ್ಟಾಗಲು ನೂರು ದಾರಿಯಿರುವ ಕೆಲಸ. ಟೀಮ್ ಕಾರುಗಳು ಗುಂಪಿನ ಹಿಂದೆ ಸಾಲಾಗಿ ಬರುತ್ತವೆ. ಹಲವು ದಿನದ ರೇಸ್‌ನಲ್ಲಿ, ಒಟ್ಟು ಪಟ್ಟಿಯಲ್ಲಿ ಯಾವ ತಂಡದ ಸವಾರ ಮೇಲಿದ್ದಾನೋ ಆ ತಂಡದ ಕಾರು ಮುಂದೆ. ನಾಯಕ ಹಿಂದೆ ಬಿದ್ದ ತಂಡದ ಹುಡುಗ ಬಾಟಲಿಗಾಗಿ ಹದಿನೈದನೇ ಕಾರಿನವರೆಗೂ ಹೋಗಿ, ಅಷ್ಟೂ ಕಾರುಗಳನ್ನು ದಾಟಿ ಮತ್ತೆ ಮೇಲೆ ಬರಬೇಕು. ಎರಡು ಬಾಟಲಿ ಫ್ರೇಮಿನಲ್ಲಿ, ಮೂರು ಬೆನ್ನಿನ ಜೇಬಿನಲ್ಲಿ, ಉಳಿದದ್ದು ಕುತ್ತಿಗೆಯ ಹಿಂದಿನಿಂದ ಜೆರ್ಸಿಯ ಒಳಗೆ. ಅರ್ಧ ಲೀಟರಿನ ಎಂಟು ಬಾಟಲಿ ಅಂದರೆ ನಾಲ್ಕು ಕಿಲೋಗೂ ಮೇಲೆ. ಸೈಕಲ್ಲಿನ ಕನಿಷ್ಠ ತೂಕವೇ 6.8 ಕಿಲೋ ಇರುವಾಗ ಇದೇನು ಸಣ್ಣ ಹೊರೆಯಲ್ಲ. ಬಾಟಲಿ ಕೊಡುವ ಕೈಯನ್ನು ಒಂದೆರಡು ಸೆಕೆಂಡ್ ಹೆಚ್ಚು ಹಿಡಿದು ಕಾರಿನ ಎಳೆತ ಪಡೆದರೆ ಅಂಪೈರು ದಂಡ ಹಾಕಬಹುದು.

ಯಾವಾಗ ಹೋಗಬಾರದು ಅನ್ನುವುದು ಇನ್ನೂ ಮುಖ್ಯ. ರಸ್ತೆ ತಿರುಗಿ ಪಕ್ಕದ ಗಾಳಿ ಬೀಸುವ ಬಯಲು ಬರುವ ಮೊದಲು ಹಿಂದೆ ಹೋದವನು ಕೆಟ್ಟ. ಅಲ್ಲಿ ಗುಂಪು ಓರೆ ಸಾಲುಗಳಾಗಿ ತುಂಡಾಗುತ್ತದೆ. ಹಿಂದಿನ ತುಂಡಿನಲ್ಲಿ ಸಿಕ್ಕವನ ಬಳಿ ಎಂಟು ಬಾಟಲಿ, ಮುಂದಿನ ತುಂಡಿನಲ್ಲಿ ಒಂಟಿಯಾದ ನಾಯಕನ ಬಳಿ ಒಂದೂ ಇಲ್ಲ. ಈಗ ಗಂಟೆಗೆ 90 ಗ್ರಾಂ, ಕೆಲವರು 120 ಗ್ರಾಂವರೆಗೆ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳುತ್ತಾರೆ, ಅದರಲ್ಲಿ ದೊಡ್ಡ ಪಾಲು ಬಾಟಲಿಯಲ್ಲೇ ಇರುತ್ತದೆ. ಹಾಗಾಗಿ ಒಂದು ಸುತ್ತು ತಪ್ಪಿದರೆ ಬರೀ ಬಾಯಾರಿಕೆಯಲ್ಲ, ಕೊನೆಯ ಬೆಟ್ಟದಲ್ಲಿ ನಾಯಕನ ಕಾಲೇ ಕೈಕೊಡುತ್ತದೆ.

ನಾಯಕನ ಟಯರ್ ಪಂಕ್ಚರ್ ಆದರೆ ಹಿಂದಿನ ಕಾಲದಲ್ಲಿ ಸಹಾಯಕರು ತಮ್ಮ ಚಕ್ರ ಬಿಚ್ಚಿ ಕೊಡುತ್ತಿದ್ದರು. 1934ರ ಟೂರ್‌ನಲ್ಲಿ 20 ವರ್ಷದ ರೆನೆ ವಿಯೆಟ್ಟೊ ಒಂದು ದಿನ ತನ್ನ ಚಕ್ರವನ್ನೂ, ಮಾರನೇ ದಿನ ಬೆಟ್ಟದಲ್ಲಿ ಹಿಂದಕ್ಕೆ ತಿರುಗಿ ಬಂದು ಸೈಕಲ್ಲನ್ನೇ ನಾಯಕ ಆಂತೊನಿನ್ ಮಾಞ್‌ಗೆ ಕೊಟ್ಟ. ಮಾಞ್ ಗೆದ್ದ, ವಿಯೆಟ್ಟೊ ಐದನೆಯವನಾದ. ಡಿಸ್ಕ್ ಬ್ರೇಕ್ ಬಂದ ಮೇಲೆ ಆಕ್ಸಲ್ ತಿರುಗಿಸಿ ಚಕ್ರ ಬಿಚ್ಚುವಷ್ಟು ಪುರುಸೊತ್ತಿಲ್ಲ, ಸೀದಾ ಸೈಕಲ್ಲೇ ಬದಲಿ. ಆದ್ದರಿಂದ ನಾಯಕನಷ್ಟೇ ಎತ್ತರದ, ಸೀಟಿನ ಎತ್ತರ ಕೆಲವೇ ಮಿಲಿಮೀಟರ್ ವ್ಯತ್ಯಾಸವಿರುವ ಸಹಾಯಕ ಬೆಟ್ಟದ ಬುಡದಲ್ಲಿ ಪಕ್ಕದಲ್ಲೇ ಇದ್ದರೆ ತಂಡಕ್ಕೆ ನಿಶ್ಚಿಂತೆ. ಅಪ್ಪ ಅಮ್ಮನಿಂದ ಬಂದ ಎತ್ತರ ಕೂಡ ಒಂದು ಅರ್ಹತೆ, ನೋಡಿ.

ಬೆಟ್ಟದ ದಿನ ಕೆಲಸ ಮುಗಿಸಿದವನು ಆರಾಮಾಗಿ ಬರುವಂತಿಲ್ಲ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಕಟ್ಟುತ್ತಾರೆ. ಅದು ಹಂತದ (ಅಂದರೆ ಆ ದಿನದ ಓಟದ) ಕಷ್ಟ ಮತ್ತು ಗೆದ್ದವನ ಸರಾಸರಿ ವೇಗದ ಮೇಲೆ ಬದಲಾಗುತ್ತದೆ. ಗಡುವು ಮೀರಿದವನು ಮನೆಗೆ. ಅದಕ್ಕೇ ಸ್ಪ್ರಿಂಟರ್‌ಗಳು, ಖಾಲಿಯಾದ ಸಹಾಯಕರು ತಂಡಭೇದ ಮರೆತು ಗ್ರುಪೆಟ್ಟೊ ಅನ್ನುವ ಹಿಂದಿನ ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ ಏರುತ್ತಾರೆ.

ಲೀಡ್‌ಔಟ್ ಸವಾರನ ಕೆಲಸವೊಂದೇ ಕಣ್ಣಿಗೆ ಕಾಣುವುದು. ಸ್ಪ್ರಿಂಟರನನ್ನು ಬೆನ್ನಿಗೆ ಕಟ್ಟಿಕೊಂಡು 60 ಕಿ.ಮೀ. ದಾಟಿದ ವೇಗದಲ್ಲಿ ತಂದು, ಗುರಿ ಸುಮಾರು 200 ಮೀಟರ್ ಇರುವಾಗ ಪಕ್ಕಕ್ಕೆ ಸರಿಯಬೇಕು. ಮುಂಚೆ ಬಿಟ್ಟರೆ ಸ್ಪ್ರಿಂಟರ್ ಗಾಳಿಯಲ್ಲಿ ಸಾಯುತ್ತಾನೆ, ತಡ ಮಾಡಿದರೆ ಹಿಂದಿನವರು ಎರಡೂ ಕಡೆಯಿಂದ ನುಗ್ಗಿ ಮುಚ್ಚಿಹಾಕುತ್ತಾರೆ. 2009ರ ಟೂರ್‌ನ ಕೊನೆಯ ದಿನ ಪ್ಯಾರಿಸ್‌ನಲ್ಲಿ ಮಾರ್ಕ್ ರೆನ್ಶಾ ಇದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ, ಮಾರ್ಕ್ ಕ್ಯಾವೆಂಡಿಶ್ ಗೆದ್ದ, ರೆನ್ಶಾ ತಾನೇ ಎರಡನೇ ಸ್ಥಾನಕ್ಕೆ ಬಂದ.

ದುಡ್ಡಿನ ಮಾತು. ಟೂರ್‌ನಲ್ಲಿ ಒಂದು ಹಂತ ಗೆದ್ದರೆ 11,000 ಯುರೋ, ಇಡೀ ರೇಸ್ ಗೆದ್ದರೆ 5 ಲಕ್ಷ ಯುರೋ ಬಹುಮಾನ. ಇದು ಸಾಮಾನ್ಯವಾಗಿ ತಂಡದೊಳಗೆ ಹಂಚಿಹೋಗುತ್ತದೆ. ಬಹುಮಾನ ನಂಬಿ ಯಾರೂ ಬದುಕುವುದಿಲ್ಲ, ಬದುಕು ಸಂಬಳದ ಮೇಲೆ. 2022ರಲ್ಲಿ ಅತಿ ಮೇಲಿನ ದರ್ಜೆಯ ಪುರುಷರ ತಂಡಗಳಲ್ಲಿ ಕನಿಷ್ಠ ವಾರ್ಷಿಕ ಸಂಬಳ 40,045 ಯುರೋ, ಹೊಸಬರಿಗೆ 32,102, ಮಹಿಳೆಯರಿಗೆ 27,500. ಮಹಿಳೆಯರ ಕನಿಷ್ಠ ಸಂಬಳ 2020ರಲ್ಲಿ ಬರೀ 15,000 ಇತ್ತು. ನಂಬಿಕಸ್ಥ ಸಹಾಯಕನಿಗೆ ಕನಿಷ್ಠದ ಹಲವು ಪಟ್ಟು ಸಿಗುತ್ತದೆ. ಆದರೆ ಈ ಆಟಕ್ಕೆ ಟಿಕೆಟ್ ಇಲ್ಲ, ರಸ್ತೆ ಬದಿ ನಿಂತು ಯಾರು ಬೇಕಾದರೂ ನೋಡಬಹುದು. ಟಿವಿ ಹಕ್ಕಿನ ಹಣ ಮುಖ್ಯವಾಗಿ ರೇಸ್ ನಡೆಸುವವರಿಗೆ. ತಂಡ ನಡೆಯುವುದು ಹೆಚ್ಚೂ ಕಡಿಮೆ ಪ್ರಾಯೋಜಕರ ದುಡ್ಡಿನಲ್ಲೇ. ಅವರು ಕೈಬಿಟ್ಟರೆ, ಚೆನ್ನಾಗಿ ಕೆಲಸ ಮಾಡಿದವನೂ ಡಿಸೆಂಬರ್ 31ಕ್ಕೆ ನಿರುದ್ಯೋಗಿ.

ಈ ಕೆಲಸಕ್ಕೆ ಸೇರುವ ದಾರಿ ಮಾತ್ರ ವಿಚಿತ್ರ. ಸಹಾಯಕನಾಗಲು ಹೊರಟವನೂ 23 ವರ್ಷದೊಳಗಿನವರ ರೇಸ್‌ಗಳಲ್ಲಿ ಗೆದ್ದು ತೋರಿಸಬೇಕು, ಇಲ್ಲದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗಸ್ಟ್ 1ರಿಂದ ಋತು ಮುಗಿಯುವವರೆಗೆ ದೊಡ್ಡ ತಂಡದಲ್ಲಿ ಪ್ರಶಿಕ್ಷಣಾರ್ಥಿಯಾಗಿ ಓಡಿಸುವ ಅವಕಾಶವೂ ಇದೆ. 25ರೊಳಗೆ ಮೊದಲ ಬಾರಿ ವೃತ್ತಿಪರನಾಗುವವನ ಒಪ್ಪಂದ ಕನಿಷ್ಠ ಎರಡು ವರ್ಷದ್ದಾಗಿರಬೇಕು ಅನ್ನುವುದು ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ನಿಯಮ. ಮೊದಲ ವರ್ಷ ಕಲಿಯಲು, ಎರಡನೇ ವರ್ಷ ಉಳಿಯಲು. ಎರಡನೇ ವರ್ಷದ ವಸಂತದಲ್ಲಿ ಭುಜದ ಮೂಳೆ ಮುರಿದುಕೊಂಡವನಿಗೆ, ತಂಡಗಳು ಮುಂದಿನ ವರ್ಷದ ಪಟ್ಟಿ ಮಾಡುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ.

ಈಗ ಇನ್ನೊಂದು ತೊಡಕು ಬಂದಿದೆ. ಸವಾರರು ರೇಸ್‌ಗಳಲ್ಲಿ ಗಳಿಸಿದ ಮೂರು ವರ್ಷಗಳ ಅಂಕ ಕೂಡಿಸಿ ಅತಿ ಮೇಲಿನ ದರ್ಜೆಯ 18 ತಂಡಗಳನ್ನು ಯುಸಿಐ ನಿರ್ಧರಿಸುತ್ತದೆ. ಮೊದಲ ಲೆಕ್ಕ 2020ರಿಂದ 2022ರದ್ದು. ಅದರಲ್ಲಿ ಲೊಟ್ಟೊ ಸೌಡಾಲ್ ಮತ್ತು ಇಸ್ರೇಲ್ ಪ್ರೀಮಿಯರ್ ಟೆಕ್ ಕೆಳಗಿಳಿದವು. ಆಗ ತಂಡದ ಹತ್ತು ಜನರ ಅಂಕ ಎಣಿಸುತ್ತಿದ್ದರು, 2023ರಿಂದ ಇಪ್ಪತ್ತು ಜನರದ್ದು. 150 ಕಿ.ಮೀ. ಎಳೆದವನಿಗೆ ಸೊನ್ನೆ ಅಂಕ. ಸಣ್ಣದೊಂದು ಒಂದು ದಿನದ ರೇಸ್‌ನಲ್ಲಿ ಏಳನೆಯವನಾದವನಿಗೆ ಅಂಕವುಂಟು. ಹಾಗಾಗಿ ಒಂದೇ ತಂಡದ ಇಬ್ಬರು ಮೂವರು ತಮ್ಮ ತಮ್ಮ ಸ್ಥಾನಕ್ಕೆ ಸ್ಪ್ರಿಂಟ್ ಮಾಡುವುದನ್ನು ನೋಡುತ್ತಿದ್ದೇವೆ. ಗೆಲುವನ್ನು ಕಟ್ಟಿಕೊಡುವ ಕೆಲಸಕ್ಕೆ ಲೆಕ್ಕವೇ ಇಲ್ಲದ ಈ ಪದ್ಧತಿ ನನ್ನ ಮಟ್ಟಿಗೆ ಕುರುಡು.

ಸಹಾಯಕ ಗೆಲ್ಲುವುದೇ ಇಲ್ಲವೆಂದಲ್ಲ. ವರ್ಷಾನುಗಟ್ಟಲೆ ಬೇರೆಯವರಿಗೆ ದುಡಿದ ಮ್ಯಾಥ್ಯೂ ಹೇಮನ್ 2016ರಲ್ಲಿ ಪ್ಯಾರಿಸ್-ರೂಬೆ ಅನ್ನುವ ಒಂದು ದಿನದ ದೊಡ್ಡ ರೇಸ್‌ನಲ್ಲಿ ಟಾಮ್ ಬೂನನ್‌ನನ್ನು ಸೋಲಿಸಿದಾಗ ವಯಸ್ಸು 37, ಅದು ಅವನ ಹದಿನೈದನೇ ಪ್ಯಾರಿಸ್-ರೂಬೆ. ಆರು ವಾರದ ಹಿಂದಷ್ಟೇ ಕೈ ಮುರಿದುಕೊಂಡು ಮನೆಯೊಳಗೆ, ನಿಂತಲ್ಲೇ ಸೈಕಲ್ ತುಳಿಯುವ ಟ್ರೇನರ್ ಯಂತ್ರದ ಮೇಲೆ ತುಳಿದಿದ್ದ. ಇಂಥದ್ದನ್ನು ನೆಚ್ಚಿಕೊಂಡು ಮಾತ್ರ ಒಪ್ಪಂದ ಸಿಗುವುದಿಲ್ಲ. ಮೂವತ್ತು ದಾಟಿದವನಿಗೆ ಒಪ್ಪಂದ ಕೊಡಿಸುವುದು ತುಳಿತದ ಶಕ್ತಿ ಅಳೆಯುವ ಪವರ್ ಮೀಟರಿನ ದಾಖಲೆ, ಮತ್ತು ನಾಯಕನ ಬಾಯಿಮಾತು. ನಾಯಕ ತಂಡ ಬದಲಿಸುವಾಗ ತನ್ನವರು ಒಂದಿಬ್ಬರನ್ನು ಜೊತೆಗೆ ಕೇಳುತ್ತಾನೆ. 2016ಕ್ಕೆ ಕ್ಯಾವೆಂಡಿಶ್ ಡೈಮೆನ್ಷನ್ ಡೇಟಾ ತಂಡ ಸೇರಿದಾಗ ರೆನ್ಶಾ ಮತ್ತು ಬರ್ನಾರ್ಡ್ ಐಸೆಲ್ ಕೂಡ ಅಲ್ಲಿಗೇ ಬಂದರು. ಹೀಗೆ ಹೋದವರ ಕಷ್ಟವೂ ಅದೇ: ನಾಯಕ ನಿವೃತ್ತನಾದ ಆಗಸ್ಟ್‌ನಲ್ಲಿ ಇವರ ಫೋನೂ ಸುಮ್ಮನಾಗುತ್ತದೆ.