ಸಿಆರ್‌ಪಿ ಸರ್ ಬಂದಿದ್ದರು

ಇವತ್ತು ನಮ್ಮ ತಾಂಡಾ ಶಾಲೆಗೆ ಸಿಆರ್‌ಪಿ ಸರ್, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಬಂದಿದ್ದರು. ಹಾಜರಿ, ಪಾಠ ಯೋಜನೆ, ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆ) ಪ್ರಗತಿ ನೋಟ, ನಾಲ್ಕು ಎಫ್‌ಎ (ನಡುನಡುವಿನ ಕಿರು ಪರೀಕ್ಷೆ), ಎರಡು ಎಸ್‌ಎ (ಅವಧಿ ಕೊನೆಯ ಪರೀಕ್ಷೆ) ಅಂಕಗಳು, ಎಲ್ಲ ತೆಗೆಸಿ ನೋಡಿದರು. ಮಾರ್ಚ್ ತಿಂಗಳು ಅಲ್ವಾ, ಶಿಕ್ಷಕರ ವರ್ಷದ ಕಾರ್ಯನಿರ್ವಹಣಾ ವರದಿಯೂ ಹತ್ತಿರ ಬಂತು. ಏಪ್ರಿಲ್‌ನಿಂದ ಇಲ್ಲಿವರೆಗೆ ಮಾಡಿದ್ದೆಲ್ಲ ಕೆಲವೇ ಹಾಳೆಗಳಲ್ಲಿ ಮೇಲಕ್ಕೆ ಹೋಗುತ್ತದೆ.

ಮೂರನೇ ತರಗತಿಯ ಒಂದು ಹುಡುಗಿಯ ಹೆಸರಿನ ಮೇಲೆ ಸರ್ ಬೆರಳು ನಿಂತಿತು. "ಅಕ್ಕೋರ, ಇಕಿ ಹಾಜರಿ ಭಾಳ ಕಡಿಮಿ ಐತಲ್ರಿ?"

ದಸರಾ ಮುಗಿದ ಮೇಲೆ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋದವಳು. ಬಂದು ಮೂರು ವಾರ ಆಯಿತು. ಹೋಗುವಾಗ ಕಾಗುಣಿತ ಬರುತ್ತಿತ್ತು. ಬಂದಾಗ ಅರ್ಧ ಮರೆತಿದ್ದಳು. ದಿನಾ ಮಧ್ಯಾಹ್ನ ಊಟ ಆದ ಮೇಲೆ ನನ್ನ ಪಕ್ಕ ಕೂರಿಸಿಕೊಂಡು ಓದಿಸುತ್ತಿದ್ದೇನೆ.

ಸುಮ್ನೆ ಅವಳನ್ನೇ ಕರೆದೆ. ಕಬ್ಬಿನ ಗರಿ ಕೊಯ್ದ ಗೆರೆಗಳು ಬೆರಳ ಮೇಲೆ ಇನ್ನೂ ಇವೆ. ಆ ಬೆರಳನ್ನೇ ಅಕ್ಷರದ ಕೆಳಗೆ ಜಾರಿಸುತ್ತಾ, 'ಕ'... 'ಬ್ಬು' ಎಂದಳು. ಆಮೇಲೆ ಕೂಡಿಸಿ, ಜೋರಾಗಿ, "ಕಬ್ಬು!"

ಹಾಜರಿ ಶೇಕಡಾ ಎಷ್ಟು, ಅಂಕ ಎಷ್ಟು ಅಂತ ಕೇಳುವುದು ತಪ್ಪಲ್ಲ. ಕೇಳಲೇಬೇಕು. ಆದರೆ ಈ ಮೂರು ವಾರವನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಮಗು ಎಲ್ಲಿಂದ ಶುರು ಮಾಡಿತು ಅನ್ನುವುದಕ್ಕೂ ಒಂದು ಜಾಗ ಇರಬೇಕು ಅನಿಸುತ್ತದೆ.

ಸರ್ ಹೊರಡುವ ಮುಂಚೆ ಅವಳ ಪಕ್ಕ ಕೂತು ಇನ್ನೂ ಎರಡು ಸಾಲು ಓದಿಸಿದರು. ನಾಳೆ ಒತ್ತಕ್ಷರ ಮುಂದುವರಿಸಬೇಕು.